ಮೂರು ತಿಂಗಳು, ಹತ್ತು ತಿಂಗಳು, ಮೂವತ್ತನಾಲ್ಕು ತಿಂಗಳು: ಒಂದು ರಕ್ತಸೂಚ್ಯಂಕದ ಪ್ರಕರಣ

2018ರ ಆರಂಭದಲ್ಲಿ 'ಜಾಮಾ ಆಂಕಾಲಜಿ' ಪತ್ರಿಕೆಯಲ್ಲಿ ಬಂದ ಒಂದು ಪ್ರಬಂಧ ಶ್ವಾಸಕೋಶ ಕ್ಯಾನ್ಸರ್ ವೈದ್ಯರ ಗಮನ ಸೆಳೆದದ್ದು ಮೂರು ಅಂಕಿಗಳಿಂದ. ಪ್ಯಾರಿಸ್ ಪಕ್ಕದ ವಿಲ್‌ಜುಯಿಫ್‌ನಲ್ಲಿರುವ ಗುಸ್ತಾವ್ ರೂಸಿ ಕ್ಯಾನ್ಸರ್ ಸಂಸ್ಥೆಯ ಲೌರಾ ಮೆಸ್ಕಿಟಾ ಮತ್ತು ಸಹೋದ್ಯೋಗಿಗಳು, ದೇಹದ ರೋಗನಿರೋಧಕ ಕೋಶಗಳನ್ನೇ ಗಡ್ಡೆಯ ಮೇಲೆ ಎತ್ತಿಕಟ್ಟುವ ಇಮ್ಯುನೋಥೆರಪಿ ಪಡೆದ ರೋಗಿಗಳನ್ನು ಚಿಕಿತ್ಸೆಗೆ ಮುಂಚಿನ ಮಾಮೂಲಿ ರಕ್ತಪರೀಕ್ಷೆಯ ಆಧಾರದ ಮೇಲೆ ಮೂರು ಗುಂಪಾಗಿ ವಿಂಗಡಿಸಿದ್ದರು. ಒಂದು ಗುಂಪಿನ ಅರ್ಧದಷ್ಟು ಜನ 34 ತಿಂಗಳು ದಾಟಿ ಬದುಕಿದ್ದರು. ಎರಡನೆಯ ಗುಂಪಿನಲ್ಲಿ ಅದು 10 ತಿಂಗಳು. ಮೂರನೆಯದರಲ್ಲಿ 3 ತಿಂಗಳು ಮಾತ್ರ.

ಔಷಧ ಒಂದೇ ವರ್ಗದ್ದು. ಕಾಯಿಲೆ ಎಲ್ಲರಲ್ಲೂ ಮುಂದುವರಿದದ್ದೇ. ಬೇರೆ ಮಾಡಿದ್ದು ತಾಲ್ಲೂಕು ಆಸ್ಪತ್ರೆಯಲ್ಲೂ ಸಿಗುವ ಎರಡು ಪರೀಕ್ಷೆಗಳು: ಬಿಳಿ ರಕ್ತಕಣಗಳ ಎಣಿಕೆ ಮತ್ತು ಕೋಶಗಳು ಹಾನಿಗೊಂಡಾಗ ರಕ್ತಕ್ಕೆ ಸೋರುವ ಎಲ್‌ಡಿಎಚ್ ಎಂಬ ಕಿಣ್ವದ ಮಟ್ಟ. ಈ ಅಳತೆಗೋಲಿಗೆ ಅವರು ಇಟ್ಟ ಹೆಸರು 'ಲಂಗ್ ಇಮ್ಯೂನ್ ಪ್ರಾಗ್ನಾಸ್ಟಿಕ್ ಇಂಡೆಕ್ಸ್'; ಚಿಕ್ಕದಾಗಿ ಲಿಪಿ. ಅದು ಹೇಗೆ ಹುಟ್ಟಿತು, ಏನನ್ನು ಸಾಧಿಸಿದಂತೆ ಕಂಡಿತು, ಮರುವರ್ಷ ದೊಡ್ಡ ದತ್ತಾಂಶದ ಮುಂದೆ ನಿಂತಾಗ ಅದರ ಯಾವ ಮಾತು ಉಳಿಯಿತು, ಯಾವುದು ಬಿದ್ದುಹೋಯಿತು ಎಂಬುದೇ ಈ ಅಧ್ಯಯನದ ವಸ್ತು.

ಹಿನ್ನೆಲೆ

2015ರ ಮಾರ್ಚ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಶ್ವಾಸಕೋಶದ ಸ್ಕ್ವಾಮಸ್ ಎಂಬ ಬಗೆಯ ಕ್ಯಾನ್ಸರ್‌ಗೆ ನಿವೋಲುಮ್ಯಾಬ್ ಎಂಬ ಇಮ್ಯುನೋಥೆರಪಿ ಔಷಧ ಬಳಸಲು ಒಪ್ಪಿಗೆ ಕೊಟ್ಟಿತು. ಗಡ್ಡೆಯೊಂದಿಗೆ ಹೋರಾಡುವ ರೋಗನಿರೋಧಕ ಟಿ ಕೋಶಗಳ ಮೇಲೆ ಪಿಡಿ-1 ಎಂಬ ತಡೆಗುಂಡಿ ಇರುತ್ತದೆ. ಗಡ್ಡೆ ಅದನ್ನು ಒತ್ತಿ ಟಿ ಕೋಶವನ್ನು ಸುಮ್ಮನಾಗಿಸುತ್ತದೆ. ನಿವೋಲುಮ್ಯಾಬ್ ಆ ಗುಂಡಿಗೆ ಗಡ್ಡೆಯ ಕೈ ತಾಗದಂತೆ ಅಡ್ಡ ನಿಲ್ಲುತ್ತದೆ. ಒಪ್ಪಿಗೆಗೆ ಆಧಾರವಾದ ಪ್ರಯೋಗದಲ್ಲಿ ಡೋಸಿಟ್ಯಾಕ್ಸೆಲ್ ಕೀಮೋಥೆರಪಿ ಪಡೆದವರ ಬದುಕಿನ ಮಧ್ಯಾಂಕ (ಅರ್ಧದಷ್ಟು ಜನ ದಾಟಿದ ಅವಧಿ) 6 ತಿಂಗಳು, ನಿವೋಲುಮ್ಯಾಬ್ ಪಡೆದವರದ್ದು 9.2 ತಿಂಗಳು. ಒಂದು ವರ್ಷದ ನಂತರ ಬದುಕಿದ್ದವರು ಕ್ರಮವಾಗಿ ಶೇ. 24 ಮತ್ತು ಶೇ. 42.

ಲಾಭ ನಿಜ. ಆದರೆ ಗಡ್ಡೆ ಸ್ಪಷ್ಟವಾಗಿ ಕುಗ್ಗಿದ್ದು ಐವರಲ್ಲಿ ಒಬ್ಬರಿಗೆ ಮಾತ್ರ. ಉಳಿದವರಿಗೆ ದುಬಾರಿ ಔಷಧವೂ ಅದರ ಅಡ್ಡಪರಿಣಾಮಗಳೂ ದಕ್ಕಿದವು, ಫಲ ಅಷ್ಟಾಗಿ ದಕ್ಕಲಿಲ್ಲ. ಹಾಗಾಗಿ ಎಲ್ಲ ದೊಡ್ಡ ಆಸ್ಪತ್ರೆಗಳೂ ಒಂದೇ ಪ್ರಶ್ನೆಯ ಬೆನ್ನು ಬಿದ್ದವು: ಯಾರಿಗೆ ಫಲಿಸುತ್ತದೆ ಎಂದು ಮೊದಲೇ ತಿಳಿಯಬಹುದೇ? ಪಿಡಿ-1 ಗುಂಡಿಯನ್ನು ಒತ್ತಲು ಗಡ್ಡೆ ಬಳಸುವ ಪಿಡಿ-ಎಲ್1 ಪ್ರೋಟೀನ್ ಗಡ್ಡೆಯ ತುಣುಕಿನಲ್ಲಿ ಎಷ್ಟಿದೆ ಎಂದು ನೋಡುವ ಪರೀಕ್ಷೆ ಇತ್ತು, ಇಂದಿಗೂ ಇದೆ. ಅದಕ್ಕೆ ಬಯಾಪ್ಸಿ ಬೇಕು. ಶ್ವಾಸಕೋಶದ ಬಯಾಪ್ಸಿಯಲ್ಲಿ ಸಿಗುವ ಚೂರು ರೋಗ ಯಾವುದೆಂದು ಗುರುತಿಸುವುದರಲ್ಲೇ ಮುಗಿದುಹೋಗುವುದು ಅಪರೂಪವಲ್ಲ. ಪಿಡಿ-ಎಲ್1 ಇಲ್ಲದವರಲ್ಲೂ ಕೆಲವರಿಗೆ ಔಷಧ ಫಲಿಸುತ್ತದೆ. ಹೇರಳವಾಗಿ ಇದ್ದವರಲ್ಲೂ ಅನೇಕರಿಗೆ ಫಲಿಸುವುದಿಲ್ಲ. ರಕ್ತದಲ್ಲೇ ಉತ್ತರ ಸಿಕ್ಕರೆ ಎಷ್ಟು ಚೆನ್ನ ಎಂಬ ಆಸೆ ಸಹಜವೇ.

ಎರಡು ಬಗೆಯ ಕೋಶಗಳು

ನಮ್ಮ ಬಿಳಿ ರಕ್ತಕಣಗಳಲ್ಲಿ ಹೆಚ್ಚಿನ ಪಾಲು ನ್ಯೂಟ್ರೋಫಿಲ್‌ಗಳದ್ದು, ನಂತರದ್ದು ಲಿಂಫೋಸೈಟ್‌ಗಳದ್ದು. ಅಸ್ಥಿಮಜ್ಜೆ ದಿನಕ್ಕೆ ಸುಮಾರು 10,000 ಕೋಟಿ ನ್ಯೂಟ್ರೋಫಿಲ್‌ಗಳನ್ನು ತಯಾರಿಸುತ್ತದೆ. ಅವು ರಕ್ತದಲ್ಲಿ ಹೆಚ್ಚು ಹೊತ್ತು ಉಳಿಯುವುದಿಲ್ಲ. ಗಾಯ, ಸೋಂಕು, ಉರಿಯೂತ ಎಲ್ಲಿದ್ದರೂ ಮೊದಲು ಓಡುವವು ಅವೇ. ಲಿಂಫೋಸೈಟ್‌ಗಳಲ್ಲಿ ಟಿ ಕೋಶಗಳು ಬಹುಪಾಲು. ಇಮ್ಯುನೋಥೆರಪಿ ನೆಚ್ಚಿಕೊಂಡಿರುವುದು ಈ ಟಿ ಕೋಶಗಳನ್ನು.

ಗಡ್ಡೆ ಈ ಲೆಕ್ಕಾಚಾರವನ್ನು ತನಗೆ ಬೇಕಾದಂತೆ ತಿರುಗಿಸಬಲ್ಲದು. ಕೆಲವು ಗಡ್ಡೆಗಳು ನ್ಯೂಟ್ರೋಫಿಲ್ ಉತ್ಪಾದನೆಯನ್ನು ಹೆಚ್ಚಿಸುವ ರಾಸಾಯನಿಕಗಳನ್ನು ಸುರಿಸುತ್ತವೆ. ಅವಸರದಲ್ಲಿ ಮಜ್ಜೆಯಿಂದ ಹೊರಬಿದ್ದ ಎಳೆಯ ನ್ಯೂಟ್ರೋಫಿಲ್‌ಗಳಲ್ಲಿ ಒಂದು ಭಾಗ ಗಡ್ಡೆಯ ಸುತ್ತ ಸೇರಿ ಟಿ ಕೋಶಗಳನ್ನು ಹತ್ತಿಕ್ಕುತ್ತದೆ. ಆದ್ದರಿಂದ ನ್ಯೂಟ್ರೋಫಿಲ್ ಏರಿ ಲಿಂಫೋಸೈಟ್ ಇಳಿದಿದ್ದರೆ ಟಿ ಕೋಶವನ್ನು ನಂಬಿದ ಔಷಧಕ್ಕೆ ಎದುರುಗಾಳಿ ಎಂಬ ತರ್ಕ ಕೇಳಲು ಬಲವಾಗಿಯೇ ಇದೆ. ಇಷ್ಟು ಸೊಗಸಾದ ತರ್ಕ ಕೈಗೆ ಸಿಕ್ಕಾಗಲೇ ಹುಷಾರಾಗಿರಬೇಕು.

ನ್ಯೂಟ್ರೋಫಿಲ್‌ಗೂ ಲಿಂಫೋಸೈಟ್‌ಗೂ ಇರುವ ಈ ಅನುಪಾತ ಶ್ವಾಸಕೋಶ ಕ್ಯಾನ್ಸರ್‌ಗಾಗಿ ಹುಟ್ಟಿದ್ದಲ್ಲ. 2001ರಲ್ಲಿ ಸ್ಲೊವಾಕಿಯಾದ ವೈದ್ಯ ಜಹೋರೆಟ್ಸ್ ಅದನ್ನು ತೀವ್ರ ನಿಗಾ ಘಟಕದ ರೋಗಿಗಳ ದೇಹ ಎಷ್ಟು ಒತ್ತಡದಲ್ಲಿದೆ ಎಂದು ಬೇಗ ಅಳೆಯಲು ಸೂಚಿಸಿದರು. ನಂತರ ಬಗೆಬಗೆಯ ಕ್ಯಾನ್ಸರ್‌ಗಳಲ್ಲಿ ಅದನ್ನು ಪರೀಕ್ಷಿಸಲಾಯಿತು. 2014ರಲ್ಲಿ ನೂರು ಅಧ್ಯಯನಗಳ, 40,000ಕ್ಕೂ ಹೆಚ್ಚು ರೋಗಿಗಳ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿದಾಗ ಅನುಪಾತ ಹೆಚ್ಚಿದ್ದವರು ಬೇಗ ಸಾಯುವ ಸಂಭವ ಹೆಚ್ಚೆಂಬುದು ಖಚಿತವಾಯಿತು. ಅದು ಒಂದು ಅಂಗದ, ಒಂದು ಔಷಧದ ಸಂಗತಿಯಾಗಿರಲಿಲ್ಲ ಎಂಬುದನ್ನು ನೆನಪಿಡಿ. ಮುಂದೆ ಬೇಕಾಗುತ್ತದೆ.

ಲೆಕ್ಕ

ಔಷಧ ಪ್ರಯೋಗಗಳ ಹಳೆಯ ಕಡತಗಳಲ್ಲಿ ಒಂದು ತೊಡಕಿತ್ತು. ಒಟ್ಟು ಬಿಳಿಕಣ ಮತ್ತು ನ್ಯೂಟ್ರೋಫಿಲ್ ಎಣಿಕೆಯನ್ನು ಬರೆದಿಡುತ್ತಿದ್ದರು, ಲಿಂಫೋಸೈಟ್ ಎಣಿಕೆಯನ್ನು ಬಿಡುತ್ತಿದ್ದರು. 2012ರಲ್ಲಿ ಗ್ಲಾಸ್ಗೋದ ಸಂಶೋಧಕರು ಒಂದು ಸರಳ ದಾರಿ ತೋರಿಸಿದರು: ಒಟ್ಟು ಬಿಳಿಕಣಗಳಿಂದ ನ್ಯೂಟ್ರೋಫಿಲ್ ಕಳೆದು, ಉಳಿದದ್ದರಿಂದ ನ್ಯೂಟ್ರೋಫಿಲ್ ಅನ್ನು ಭಾಗಿಸಿದರಾಯಿತು. ಮೆಸ್ಕಿಟಾ ತಂಡ ಎತ್ತಿಕೊಂಡದ್ದು ಇದನ್ನೇ. ಅನುಪಾತ 3ಕ್ಕಿಂತ ಹೆಚ್ಚಿದ್ದರೆ ಒಂದು ಅಂಕ. ಎಲ್‌ಡಿಎಚ್ ಪ್ರಯೋಗಾಲಯದ ಮೇಲ್ಮಿತಿ ದಾಟಿದ್ದರೆ ಇನ್ನೊಂದು ಅಂಕ. ಸೊನ್ನೆ ಬಂದರೆ ಉತ್ತಮ, ಒಂದು ಬಂದರೆ ಮಧ್ಯಮ, ಎರಡು ಬಂದರೆ ಕೆಟ್ಟ ಗುಂಪು.

ಒಂದು ಕಲ್ಪಿತ ವರದಿ ತೆಗೆದುಕೊಳ್ಳೋಣ. ಒಟ್ಟು ಬಿಳಿಕಣ 9,800. ನ್ಯೂಟ್ರೋಫಿಲ್ ಶೇ. 76, ಅಂದರೆ 7,448. ಉಳಿದದ್ದು 2,352. ಭಾಗಿಸಿದರೆ 3.17. ಒಂದು ಅಂಕ ಬಿತ್ತು. ಈಗ ಒಟ್ಟು ಎಣಿಕೆ 9,800ರ ಬದಲು 5,000 ಎಂದುಕೊಂಡು, ಶೇಕಡಾವಾರು ಬದಲಿಸದೆ ಮತ್ತೆ ಲೆಕ್ಕ ಮಾಡಿ. ಉತ್ತರ ಅದೇ 3.17. ಒಟ್ಟು ಎಣಿಕೆ ಮೇಲೆ ಕೆಳಗೆ ಎರಡೂ ಕಡೆ ಇರುವುದರಿಂದ ಅದು ಹೊಡೆದುಹೋಗುತ್ತದೆ. ಅನುಪಾತ 3ಕ್ಕಿಂತ ಹೆಚ್ಚು ಎನ್ನುವುದೂ ನ್ಯೂಟ್ರೋಫಿಲ್ ಶೇ. 75ಕ್ಕಿಂತ ಹೆಚ್ಚು ಎನ್ನುವುದೂ ಒಂದೇ. ಗಂಭೀರ ಹೆಸರಿನ ಈ ಸೂಚ್ಯಂಕದ ಅರ್ಧ ಭಾಗ ವರದಿಯ ಒಂದೇ ಸಾಲಿನಲ್ಲಿ ಮುಗಿಯುತ್ತದೆ. ಕ್ಯಾಲ್ಕುಲೇಟರ್ ಕೂಡ ಬೇಡ.

ಹಾಗೆ ನೋಡಿದಾಗ ಅದರ ದೌರ್ಬಲ್ಯವೂ ಕಣ್ಣಿಗೆ ಬೀಳುತ್ತದೆ. ಶೇ. 74 ಇದ್ದವರು ಒಂದು ಕಡೆ, ಶೇ. 76 ಇದ್ದವರು ಇನ್ನೊಂದು ಕಡೆ. ಯಂತ್ರ ಸಾವಿರಾರು ಕೋಶಗಳನ್ನು ಎಣಿಸುತ್ತದೆ, ಸರಿ. ಆದರೆ ಚಿಕ್ಕ ಪ್ರಯೋಗಾಲಯದಲ್ಲಿ ತಂತ್ರಜ್ಞರು ಸ್ಲೈಡ್ ನೋಡಿ ನೂರು ಕೋಶ ಎಣಿಸಿ ಬರೆದಾಗ, ಬರೀ ಕಾಕತಾಳೀಯದಿಂದಲೇ ನಾಲ್ಕೈದು ಕೋಶಗಳ ಏರುಪೇರು ಸಾಮಾನ್ಯ. ಅದೇ ರಕ್ತ ಬೆಳಿಗ್ಗೆ ಸೊನ್ನೆ ಅಂಕ, ಸಂಜೆ ಒಂದು ಅಂಕ ಪಡೆಯಬಹುದು. ಎಲ್‌ಡಿಎಚ್‌ನದ್ದೂ ಅದೇ ಹಾಡು. ಅದು ಕೆಂಪು ರಕ್ತಕಣಗಳ ಒಳಗೆ ತುಂಬಿರುತ್ತದೆ. ಸೂಜಿಯಿಂದ ಎಳೆಯುವಾಗಲೋ ಸಾಗಿಸುವಾಗಲೋ ಕಣಗಳು ಒಡೆದರೆ ಅಂಕಿ ಸುಳ್ಳಾಗಿ ಏರುತ್ತದೆ. ಬಿ12 ಕೊರತೆಯಿಂದ ಬರುವ ರಕ್ತಹೀನತೆಯಲ್ಲೂ ಎಲ್‌ಡಿಎಚ್ ಬಹಳ ಮೇಲೇರುತ್ತದೆ, ಮತ್ತು ನಮ್ಮ ದೇಶದಲ್ಲಿ ಬಿ12 ಕೊರತೆ ಎಷ್ಟು ಸಾಮಾನ್ಯ ಎಂಬುದನ್ನು ಹೇಳಬೇಕಾಗಿಲ್ಲ.

ಮೊದಲ ಫಲಿತಾಂಶ ಮತ್ತು ಅದರ ಬಿರುಕು

ಯೂರೋಪಿನ ಎಂಟು ಆಸ್ಪತ್ರೆಗಳ ಕಡತಗಳಿಂದ ಇಮ್ಯುನೋಥೆರಪಿ ಪಡೆದ 466 ರೋಗಿಗಳನ್ನು ಆರಿಸಲಾಗಿತ್ತು. ಸುಮಾರು ಶೇ. 90 ಮಂದಿ ಧೂಮಪಾನಿಗಳು ಇಲ್ಲವೇ ಅದನ್ನು ಬಿಟ್ಟವರು. 161 ಜನರ ಮೇಲೆ ಸೂಚ್ಯಂಕ ಕಟ್ಟಿ, ಉಳಿದ 305 ಜನರ ಮೇಲೆ ಅದನ್ನು ಪರೀಕ್ಷಿಸಿದರು. ಆರಂಭದಲ್ಲಿ ಹೇಳಿದ 34, 10, 3 ತಿಂಗಳ ಅಂಕಿಗಳು ಮೊದಲಿನ 161 ಜನರದ್ದು. ಎರಡನೆಯ ಗುಂಪಿನಲ್ಲೂ ವಿಂಗಡಣೆ ನಿಂತಿತು. ಇಲ್ಲಿಯವರೆಗೆ ಯಾರೂ ಆಕ್ಷೇಪಿಸುವಂಥದ್ದು ಹೆಚ್ಚೇನೂ ಇಲ್ಲ.

ಆದರೆ ತಂಡ ಇನ್ನೊಂದು ಹೆಜ್ಜೆ ಮುಂದಿಟ್ಟಿತು. ಕೀಮೋಥೆರಪಿ ಮಾತ್ರ ಪಡೆದ 162 ರೋಗಿಗಳ ಮೇಲೂ ಸೂಚ್ಯಂಕ ಹಾಕಿ ನೋಡಿದರು. ಅಲ್ಲಿ ಗುಂಪುಗಳ ನಡುವಿನ ವ್ಯತ್ಯಾಸ ಸಂಖ್ಯಾಶಾಸ್ತ್ರದ ದೃಷ್ಟಿಯಿಂದ ಗಣನೀಯ ಎನಿಸಲಿಲ್ಲ. ಇಮ್ಯುನೋಥೆರಪಿಯಲ್ಲಿ ಕೆಲಸ ಮಾಡುವ ಸೂಚ್ಯಂಕ ಕೀಮೋದಲ್ಲಿ ಮಾಡುವುದಿಲ್ಲ ಎಂದಾದರೆ, ಇಮ್ಯುನೋಥೆರಪಿ ಯಾರಿಗೆ ಫಲಿಸುತ್ತದೆ ಎಂಬುದನ್ನೇ ಅದು ಹೇಳುತ್ತಿದೆ ಎಂಬ ಸೂಚನೆ ಹೊರಟಿತು. ಪ್ರಬಂಧದ ಲೇಖಕರು ಎಚ್ಚರಿಕೆಯಿಂದಲೇ ಬರೆದಿದ್ದರು. ಆದರೂ ಓದಿದವರ ಮನಸ್ಸು ಆ ಕಡೆಗೇ ವಾಲುವುದು ಸುಲಭವಾಗಿತ್ತು.

ಇಡೀ ಪ್ರಕರಣ ನಿಂತಿರುವುದು ಈ ತಿರುವಿನಲ್ಲಿ. 'ವ್ಯತ್ಯಾಸ ಇಲ್ಲ' ಎನ್ನುವುದು ಒಂದು ಮಾತು, 'ವ್ಯತ್ಯಾಸ ಇದೆ ಎಂದು ತೋರಿಸಲಾಗಲಿಲ್ಲ' ಎನ್ನುವುದು ಇನ್ನೊಂದು. 162 ಜನರನ್ನು ಮೂರು ಗುಂಪಾಗಿ ಒಡೆದಾಗ ಒಂದೊಂದು ಗುಂಪೂ ಸಣ್ಣದಾಗುತ್ತದೆ. ಅಷ್ಟು ಸಣ್ಣ ಗುಂಪುಗಳಲ್ಲಿ ನಿಜವಾಗಿಯೂ ಇರುವ ವ್ಯತ್ಯಾಸವೂ ಲೆಕ್ಕದ ಜರಡಿಯಲ್ಲಿ ಸೋರಿಹೋಗಬಹುದು. ಒಂದು ಕಡೆ 466, ಇನ್ನೊಂದು ಕಡೆ 162 ಇಟ್ಟುಕೊಂಡು, ಒಂದರಲ್ಲಿ ಗಣನೀಯ, ಇನ್ನೊಂದರಲ್ಲಿ ಅಲ್ಲ ಎಂದು ತೀರ್ಮಾನಿಸುವುದು ವೈದ್ಯಕೀಯ ಸಂಶೋಧನೆಯಲ್ಲಿ ಮತ್ತೆ ಮತ್ತೆ ಆಗುವ ಎಡವಟ್ಟು. ಎರಡೂ ಚಿಕಿತ್ಸೆಗಳ ನಡುವಿನ ವ್ಯತ್ಯಾಸವನ್ನೇ ನೇರವಾಗಿ ಹೋಲಿಸಿ ನೋಡಬೇಕು. ಅದಕ್ಕೆ ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ರೋಗಿಗಳನ್ನು ಹಂಚಿದ ಪ್ರಯೋಗಗಳು ಬೇಕು, ಮತ್ತು ಸಾವಿರಗಟ್ಟಲೆ ರೋಗಿಗಳು ಬೇಕು.

ಮರುವರ್ಷ

ಅಂಥ ದತ್ತಾಂಶ ಇದ್ದದ್ದು ಎಫ್‌ಡಿಎ ಬಳಿ. ಔಷಧಕ್ಕೆ ಒಪ್ಪಿಗೆ ಕೇಳುವ ಕಂಪನಿಗಳು ಪ್ರತಿ ರೋಗಿಯ ಮಾಹಿತಿಯನ್ನು ಅಲ್ಲಿಗೆ ಸಲ್ಲಿಸಬೇಕು. 2019ರಲ್ಲಿ ಸಂಸ್ಥೆಯ ಸಂಶೋಧಕರು ಇಂಥ 11 ಯಾದೃಚ್ಛಿಕ ಪ್ರಯೋಗಗಳ, ಸುಮಾರು 4,000 ರೋಗಿಗಳ ಮಾಹಿತಿಯನ್ನು ಒಟ್ಟುಗೂಡಿಸಿ ಲಿಪಿ ಸೂಚ್ಯಂಕವನ್ನು ಹಾಕಿ ನೋಡಿದರು. ಪ್ರಕಟವಾದದ್ದು ಅದೇ ಜಾಮಾ ಆಂಕಾಲಜಿಯಲ್ಲಿ. ಇಮ್ಯುನೋಥೆರಪಿ ಪಡೆದವರಲ್ಲಿ ಸೂಚ್ಯಂಕ ಕೆಲಸ ಮಾಡಿತು. ಕೀಮೋ ಪಡೆದವರಲ್ಲೂ ಮಾಡಿತು. ನಿರ್ದಿಷ್ಟ ಜೀನ್ ದೋಷವನ್ನು ಗುರಿಯಿಟ್ಟ ಮಾತ್ರೆ ಪಡೆದವರಲ್ಲೂ ಮಾಡಿತು. ಯಾವ ಚಿಕಿತ್ಸೆಯೇ ಇರಲಿ, ಸೊನ್ನೆ ಅಂಕದವರು ಹೆಚ್ಚು ಬದುಕಿದರು, ಎರಡು ಅಂಕದವರು ಬೇಗ ಹೋದರು. ಅನುಪಾತ ಒಂದು ಔಷಧದ ಸಂಗತಿಯಲ್ಲ ಎಂಬುದನ್ನು ನೆನಪಿಡಿ ಎಂದದ್ದು ಇದಕ್ಕೇ.

ಅಂದರೆ ಫ್ರೆಂಚ್ ತಂಡದ ಮುಖ್ಯ ಮಾತು ಇನ್ನಷ್ಟು ಗಟ್ಟಿಯಾಯಿತು. ಅದರ ಸುತ್ತ ಬೆಳೆದ ಆಸೆ ಬಿದ್ದುಹೋಯಿತು. ಮಣ್ಣು ನೋಡಿ ಈ ಹೊಲದಲ್ಲಿ ಇಳುವರಿ ಕಡಿಮೆ ಬಂದೀತು ಎಂದು ಹೇಳುವುದು ಬೇರೆ, ಯಾವ ಗೊಬ್ಬರ ಹಾಕಿದರೆ ಇಳುವರಿ ಏರುತ್ತದೆ ಎಂದು ಹೇಳುವುದು ಬೇರೆ. ಲಿಪಿ ಮೊದಲನೆಯದನ್ನು ಬಲ್ಲದು. ಎರಡನೆಯದನ್ನು ಅದು ಬಲ್ಲದೆಂದು ತೋರಿಸಲಾಗಿಲ್ಲ. ಕೆಟ್ಟ ಗುಂಪಿನ ರೋಗಿ ಇಮ್ಯುನೋಥೆರಪಿಯಲ್ಲಿ ಮೂರೇ ತಿಂಗಳು ಬದುಕಿದರು ಎಂದ ಮಾತ್ರಕ್ಕೆ ಕೀಮೋದಲ್ಲಿ ಇನ್ನೂ ಹೆಚ್ಚು ಬದುಕುತ್ತಿದ್ದರು ಎಂದಾಗುವುದಿಲ್ಲ. ಆದ್ದರಿಂದ ಈ ಅಂಕ ನೋಡಿ ಯಾರಿಗಾದರೂ ಇಮ್ಯುನೋಥೆರಪಿ ನಿರಾಕರಿಸುವುದಕ್ಕೆ ಆಧಾರವಿಲ್ಲ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಇದೇ ತಿರುವು ಇನ್ನೊಂದು ಕಡೆಯೂ ಕಂಡಿತು. 2018ರಲ್ಲಿ 640 ರೋಗಿಗಳ ಒಂದು ಅಧ್ಯಯನ, ಇಮ್ಯುನೋಥೆರಪಿ ಆರಂಭಿಸುವಾಗ ದಿನಕ್ಕೆ 10 ಮಿಲಿಗ್ರಾಂ ಅಥವಾ ಹೆಚ್ಚು ಪ್ರೆಡ್ನಿಸೋನ್ ಸ್ಟಿರಾಯ್ಡ್ ತೆಗೆದುಕೊಳ್ಳುತ್ತಿದ್ದವರ ಫಲಿತಾಂಶ ಕೆಟ್ಟದಾಗಿತ್ತು ಎಂದಿತು. ಸ್ಟಿರಾಯ್ಡ್ ಟಿ ಕೋಶಗಳನ್ನು ಕುಗ್ಗಿಸುತ್ತದೆ, ಹಾಗಾಗಿ ಔಷಧ ಸೋತಿತು ಎಂದು ಅನೇಕರು ಅರ್ಥೈಸಿಕೊಂಡರು. ಮರುವರ್ಷ ಬಾಸ್ಟನ್ನಿನ ಡೇನಾ-ಫಾರ್ಬರ್ ಸಂಸ್ಥೆಯವರು 650 ರೋಗಿಗಳಲ್ಲಿ ಸ್ಟಿರಾಯ್ಡ್ ಏಕೆ ಕೊಟ್ಟಿದ್ದರು ಎಂದು ಕೆದಕಿದರು. ಉಸಿರಾಟದ ತೊಂದರೆ, ಮಿದುಳಿಗೆ ಹರಡಿದ ಗಡ್ಡೆ, ತೀರದ ನಿತ್ರಾಣ ಮುಂತಾದ ಕ್ಯಾನ್ಸರ್ ಲಕ್ಷಣಗಳಿಗಾಗಿ ಪಡೆದವರ ಬದುಕಿನ ಮಧ್ಯಾಂಕ 2.2 ತಿಂಗಳು. ಕ್ಯಾನ್ಸರ್‌ಗೆ ಸಂಬಂಧವಿಲ್ಲದ ಬೇರೆ ಕಾಯಿಲೆಗಾಗಿ ಅದೇ ಸ್ಟಿರಾಯ್ಡ್ ಪಡೆದವರದ್ದು 10.7 ತಿಂಗಳು, ತೀರಾ ಕಡಿಮೆ ಪ್ರಮಾಣದಲ್ಲಿ ಪಡೆದವರಿಗಿಂತ ಅಥವಾ ಪಡೆಯದವರಿಗಿಂತ ಹೆಚ್ಚೇನೂ ಕಡಿಮೆಯಲ್ಲ. ಕೇಡಿಗೆ ಕಾರಣ ಮಾತ್ರೆಯಾಗಿರಲಿಲ್ಲ, ಮಾತ್ರೆ ಬೇಕಾಗುವಷ್ಟು ಬಿಗಡಾಯಿಸಿದ ರೋಗವಾಗಿತ್ತು.

ಸ್ಟಿರಾಯ್ಡ್ ವಿಷಯ ಲಿಪಿಗೂ ನೇರವಾಗಿ ತಾಗುತ್ತದೆ. ರಕ್ತನಾಳದ ಗೋಡೆಗೆ ಅಂಟಿಕೊಂಡಿರುವ ನ್ಯೂಟ್ರೋಫಿಲ್‌ಗಳನ್ನು ಸ್ಟಿರಾಯ್ಡ್ ಬಿಡಿಸಿ ಹರಿವಿಗೆ ತಳ್ಳುತ್ತದೆ, ಲಿಂಫೋಸೈಟ್‌ಗಳನ್ನು ರಕ್ತದಿಂದ ಸರಿಸುತ್ತದೆ. ಕೆಲವೇ ಗಂಟೆಗಳಲ್ಲಿ ಶೇ. 68 ಇದ್ದ ನ್ಯೂಟ್ರೋಫಿಲ್ ಪಾಲು ಶೇ. 80 ದಾಟಬಹುದು. ಗಡ್ಡೆ ಶ್ವಾಸನಾಳವನ್ನು ಮುಚ್ಚಿ ಅದರಾಚೆಗೆ ನ್ಯುಮೋನಿಯಾ ಆಗಿದ್ದರೂ ಅಷ್ಟೇ. ಕ್ಷಯವಿದ್ದರೂ ಲಿಂಫೋಸೈಟ್ ಇಳಿಯುವುದುಂಟು. ಮೊದಲು ಕ್ಷಯವೆಂದು ಚಿಕಿತ್ಸೆ ಪಡೆದು ತಡವಾಗಿ ಕ್ಯಾನ್ಸರ್ ಪತ್ತೆಯಾಗುವ ರೋಗಿಗಳು, ಎರಡೂ ಒಟ್ಟಿಗೆ ಇರುವ ರೋಗಿಗಳು ನಮ್ಮ ಆಸ್ಪತ್ರೆಗಳಿಗೆ ಹೊಸಬರಲ್ಲ. ಯೂರೋಪಿನ ಕಡತಗಳಿಂದ ಹುಟ್ಟಿದ 3 ಎಂಬ ಗೆರೆಯನ್ನು ಇಲ್ಲಿಗೆ ಹಾಗೆಯೇ ತಂದು ಹಾಕುವ ಮೊದಲು ಇವು ಯಾವುವೂ ಕಾರಣವಲ್ಲ ಎಂದು ಖಚಿತಪಡಿಸಿಕೊಳ್ಳಬೇಕಾಗುತ್ತದೆ.

ಭಾರತದಲ್ಲಿ ಇನ್ನೊಂದು ಒತ್ತಡವೂ ಇದೆ. ಔಷಧದ ಬೆಲೆ ಲಕ್ಷಗಳಲ್ಲಿ, ರಕ್ತಪರೀಕ್ಷೆಯದ್ದು ನೂರುಗಳಲ್ಲಿ. ಯಾರಿಗೆ ಕೊಡಬೇಕು ಎಂಬ ನಿರ್ಧಾರ ಕಷ್ಟವಾದಾಗ ಅಗ್ಗದ ಅಂಕಿಯೊಂದು ಅದನ್ನು ತನ್ನ ಹೆಗಲಿಗೆ ಹಾಕಿಕೊಳ್ಳಲಿ ಎಂದು ಆಸ್ಪತ್ರೆಗೂ ಕುಟುಂಬಕ್ಕೂ ಅನಿಸುವುದು ಅರ್ಥವಾಗುವ ಸಂಗತಿ. ಮುಂಬೈನ ಟಾಟಾ ಮೆಮೋರಿಯಲ್ ಬೇರೆ ದಾರಿ ಹಿಡಿಯಿತು. ತಲೆ ಮತ್ತು ಕುತ್ತಿಗೆಯ ಕ್ಯಾನ್ಸರ್‌ನಲ್ಲಿ ಮೂರು ವಾರಕ್ಕೊಮ್ಮೆ ಕೇವಲ 20 ಮಿಲಿಗ್ರಾಂ ನಿವೋಲುಮ್ಯಾಬ್ ಸೇರಿಸಿ, ಸೇರಿಸದ ಗುಂಪಿನೊಂದಿಗೆ ಹೋಲಿಸಿ ಲಾಭವನ್ನು ತೋರಿಸಿತು. ರೋಗಿಗಳನ್ನು ಸೋಸುವ ಬದಲು ಪ್ರಮಾಣವನ್ನೇ ಪ್ರಶ್ನಿಸಿದ ಆ ಕೆಲಸ ನನಗೆ ಹೆಚ್ಚು ಪ್ರಾಮಾಣಿಕವಾಗಿ ಕಾಣುತ್ತದೆ.

ಎಣಿಕೆಯಿಂದ ಗುರುತಿನ ಕಡೆಗೆ

ರಕ್ತದ ಕೋಶಗಳು ಔಷಧದ ಬಗ್ಗೆ ಏನನ್ನೂ ಹೇಳುವುದೇ ಇಲ್ಲವೇ? ಹೇಳುತ್ತವೆ, ಆದರೆ ಎಷ್ಟಿವೆ ಎಂದು ಕೇಳುವುದಕ್ಕಿಂತ ಯಾವುವು, ಯಾವಾಗ ಎಂದು ಕೇಳಿದಾಗ. ಹೈದರಾಬಾದಿನಲ್ಲಿ ಹುಟ್ಟಿ ಅಟ್ಲಾಂಟಾದ ಎಮೊರಿ ವಿಶ್ವವಿದ್ಯಾಲಯದಲ್ಲಿ ದುಡಿಯುತ್ತಿರುವ ರಫಿ ಅಹ್ಮದ್, ದೀರ್ಘಕಾಲ ಹೋರಾಡಿ ಬಳಲಿದ ಟಿ ಕೋಶಗಳ ಮೇಲಿನ ಕೆಲಸಕ್ಕೆ ಹೆಸರಾದವರು. ಅವರ ತಂಡ 2017ರಲ್ಲಿ ಶ್ವಾಸಕೋಶ ಕ್ಯಾನ್ಸರ್‌ನ 29 ರೋಗಿಗಳ ರಕ್ತವನ್ನು ಚಿಕಿತ್ಸೆಯ ಮೊದಲೂ ನಂತರವೂ ತೆಗೆದು, ಪಿಡಿ-1 ಹೊತ್ತ ಸಿಡಿ8 ಟಿ ಕೋಶಗಳು (ರೋಗದ ಕೋಶಗಳನ್ನು ಕೊಲ್ಲುವ ಬಗೆಯವು) ವಿಭಜನೆಗೆ ತೊಡಗಿವೆಯೇ ಎಂದು ನೋಡಿತು. ಲಾಭ ಪಡೆದವರಲ್ಲಿ ಶೇ. 80 ಮಂದಿಗೆ ನಾಲ್ಕು ವಾರದೊಳಗೆ ಆ ಚುರುಕು ಕಂಡಿತು. ರೋಗ ಮುಂದುವರಿದವರಲ್ಲಿ ಶೇ. 70 ಮಂದಿಗೆ ಅದು ತಡವಾಯಿತು ಅಥವಾ ಬರಲೇ ಇಲ್ಲ. ಇದು ರೋಗಿ ಎಷ್ಟು ಬಳಲಿದ್ದಾರೆ ಎಂಬುದರ ಅಳತೆಯಲ್ಲ. ಔಷಧ ತನ್ನ ಗುರಿಯನ್ನು ಮುಟ್ಟಿತೇ ಎಂಬುದರ ಅಳತೆ. 29 ಜನ ತೀರಾ ಕಡಿಮೆ ಎಂಬುದೂ, ಈ ಪರೀಕ್ಷೆ ಸಾಮಾನ್ಯ ಪ್ರಯೋಗಾಲಯದಲ್ಲಿ ನಡೆಯುವಂಥದ್ದಲ್ಲ ಎಂಬುದೂ ನಿಜ.

ಲಂಡನ್ನಿನ ಯುಸಿಎಲ್ ವಿಶ್ವವಿದ್ಯಾಲಯ ಮತ್ತು ಫ್ರಾನ್ಸಿಸ್ ಕ್ರಿಕ್ ಸಂಸ್ಥೆಯವರದ್ದು ಇನ್ನೂ ಜಾಣತನದ ಉಪಾಯ. ಟಿ ಕೋಶ ಬೆಳೆಯುವಾಗ ಶತ್ರುವನ್ನು ಗುರುತಿಸುವ ತನ್ನ ಗ್ರಾಹಕದ (ರಿಸೆಪ್ಟರ್) ಜೀನ್‌ನಲ್ಲಿ ಒಂದು ತುಂಡನ್ನು ಕತ್ತರಿಸಿ ಬಿಸಾಡುತ್ತದೆ; ಬೇರೆ ಕೋಶಗಳಲ್ಲಿ ಆ ತುಂಡು ಹಾಗೆಯೇ ಇರುತ್ತದೆ. ಹಾಗಾಗಿ ಯಾವುದೋ ಕಾರಣಕ್ಕೆ ಡಿಎನ್‌ಎ ಓದಿಸಿದ್ದರೆ, ಆ ಜಾಗದಲ್ಲಿ ಓದು ಎಷ್ಟು ತೆಳುವಾಗಿದೆ ಎಂಬುದರಿಂದ ಮಾದರಿಯಲ್ಲಿ ಟಿ ಕೋಶಗಳ ಪಾಲೆಷ್ಟು ಎಂದು ತಿಳಿಯಬಹುದು. ಹೊಸ ಸೂಜಿ ಬೇಡ, ಹೊಸ ಪರೀಕ್ಷೆ ಬೇಡ. 2021ರಲ್ಲಿ ಮೊದಲು ಪ್ರಕಟವಾದ ಈ ವಿಧಾನವನ್ನು ಹಿಗ್ಗಿಸಿ, ಇಂಗ್ಲೆಂಡಿನ ಒಂದು ಲಕ್ಷ ಜೀನೋಮ್ ಯೋಜನೆಯ ದತ್ತಾಂಶಕ್ಕೆ ಹಚ್ಚಿದ ಫಲಿತಾಂಶ 2025ರಲ್ಲಿ ಬಂದಿತು. ಕ್ಯಾನ್ಸರ್ ಇದ್ದವರ ರಕ್ತದಲ್ಲಿ ಟಿ ಕೋಶಗಳ ಪಾಲು ಇತರರಿಗಿಂತ ಕಡಿಮೆ ಇತ್ತು. ಪಾಲು ಕಡಿಮೆಯಾದಷ್ಟೂ ಬದುಕಿನ ಸಂಭವವೂ ಇಳಿಯುತ್ತಿತ್ತು. ಲಿಪಿಗೆ ಕೇಳಿದ ಪ್ರಶ್ನೆಯನ್ನು ಇದಕ್ಕೂ ಕೇಳಬೇಕು: ಇದು ರೋಗಿಯ ಬಗ್ಗೆ ಹೇಳುತ್ತಿದೆಯೋ, ಔಷಧದ ಬಗ್ಗೆಯೋ?

ಎರಡು ಅಂಕ ಬಂದವರ ಮುಂದೆ

ಔಷಧ ಆರಿಸಲು ಬಾರದ ಸೂಚ್ಯಂಕ ವ್ಯರ್ಥ ಎಂದೇನೂ ಅಲ್ಲ. ಹೊಸ ಔಷಧ ಪ್ರಯೋಗದಲ್ಲಿ ಎರಡೂ ಗುಂಪುಗಳಿಗೆ ಕೆಟ್ಟ ಅಂಕದವರು ಸಮನಾಗಿ ಹಂಚಿಹೋಗುವಂತೆ ನೋಡಿಕೊಳ್ಳಲು ಅದು ಬಹಳ ಉಪಯುಕ್ತ. ಹಾಗೆ ಹಂಚದೆ, ಒಂದೇ ಗುಂಪು ಇಟ್ಟುಕೊಂಡು 'ನಮ್ಮ ಔಷಧದಲ್ಲಿ ರೋಗಿಗಳು ಇಷ್ಟು ಬದುಕಿದರು' ಎಂದು ಸಾರುವವರನ್ನು ಲಿಪಿ ಅಂಕ ಏನಿತ್ತು ಎಂದು ಕೇಳುವುದು ನ್ಯಾಯವಾದ ಪ್ರಶ್ನೆ.

ಹಾಸಿಗೆಯ ಬಳಿ ಅದರ ಉಪಯೋಗ ಇನ್ನೊಂದು ಬಗೆಯದು. ಎರಡು ಅಂಕ ಬಂದಾಗ ಮೊದಲು ಮಾಡಬೇಕಾದ್ದು ಮತ್ತೆ ನೋಡುವುದು: ಸೋಂಕು ಇದೆಯೇ, ಸ್ಟಿರಾಯ್ಡ್ ನಡೆಯುತ್ತಿದೆಯೇ, ರಕ್ತದ ಮಾದರಿ ಕೆಟ್ಟಿತ್ತೇ, ಬಿ12 ಹೇಗಿದೆ, ಯಕೃತ್ತಿಗೆ ರೋಗ ಹರಡಿದೆಯೇ. ಇವೆಲ್ಲ ಕಳೆದ ಮೇಲೂ ಅಂಕ ಎರಡೇ ಇದ್ದರೆ, ಆರಿಸಿದ ಚಿಕಿತ್ಸೆಯ ಜೊತೆಗೇ ನೋವು, ಸಂಕಟ ತಗ್ಗಿಸುವ ಉಪಶಮನ ಆರೈಕೆಯ ತಂಡವನ್ನು ಮೊದಲ ವಾರದಲ್ಲೇ ಕರೆಯಬೇಕು, ಕೊನೆಯ ವಾರದಲ್ಲಲ್ಲ. ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ನಡೆದು 2010ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಹರಡಿದ ಶ್ವಾಸಕೋಶ ಕ್ಯಾನ್ಸರ್‌ನ 151 ರೋಗಿಗಳನ್ನು ಯಾದೃಚ್ಛಿಕವಾಗಿ ಎರಡು ಗುಂಪಾಗಿ ಹಂಚಿ, ಒಂದು ಗುಂಪಿಗೆ ಆರಂಭದಿಂದಲೇ ಈ ಆರೈಕೆಯನ್ನು ಕೊಟ್ಟರು. ಆ ಗುಂಪಿನವರಿಗೆ ಖಿನ್ನತೆ ಕಡಿಮೆ ಇತ್ತು, ಕೊನೆಯ ದಿನಗಳಲ್ಲಿ ದೇಹ ಹಿಂಡುವ ಚಿಕಿತ್ಸೆಗಳೂ ಕಡಿಮೆ ಇದ್ದವು. ಅವರ ಬದುಕಿನ ಮಧ್ಯಾಂಕ 11.6 ತಿಂಗಳು, ಮಾಮೂಲಿ ಚಿಕಿತ್ಸೆ ಮಾತ್ರ ಪಡೆದವರದ್ದು 8.9.